ಹನ್ನೊಂದು ಖಾಲಿ ಉತ್ತರಗಳು

"ಯಾರ್ರೀ ಇದನ್ನ ನೋಡಿಕೊಳ್ಳೋರು? ಸರ್ವರ್‌ನಾಗೆ ಜಾಗ ತೊಂಬತ್ತೇಳು ಪರ್ಸೆಂಟ್ ತುಂಬೈತೆ. ಇನ್ನೆರಡು ದಿನ ಬಿಟ್ಟಿದ್ರೆ ವೆಬ್‌ಸೈಟೇ ನಿಂತು ಹೋಗ್ತಿತ್ತು. ಇಲ್ಲಿ ಯಾರಿಗೂ ಕಣ್ಣಿಲ್ವಾ?"

ಗವಿಸಿದ್ದೇಶ್ ದನಿ ಏರಿಸಿ ಕೇಳಿದ. ಕೊಟ್ಟೂರಿನ ಆ ವಧು-ವರ ಮಾಹಿತಿ ಕೇಂದ್ರದ ಮಾಲೀಕ ಗುರುಸಂಗಪ್ಪ ತಲೆ ಎತ್ತಿ ಫ್ಯಾನ್ ನೋಡಿದರು. ಅವರ ಹೆಂಡತಿ ಮುಂದಿದ್ದ ಜಾತಕಗಳ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದರು.

ಉತ್ತರ ಬಂದದ್ದು ಕೋಣೆಯ ಮೂಲೆಗೆ ಇಳಿಬಿಟ್ಟಿದ್ದ ಹಸಿರು ಪರದೆಯ ಹಿಂದಿನಿಂದ.

"ಕಣ್ಣು ಅದಾವ್ರಿ. ಕೈ ಇಲ್ಲ."

ಹೆಣ್ಣಿನ ದನಿ. ಮೆಲ್ಲಗಿತ್ತು, ಆದರೆ ಹೆದರಿದ ದನಿಯಲ್ಲ. ಗವಿಸಿದ್ದೇಶ್ ಎರಡು ಹೆಜ್ಜೆ ಹಾಕಿ ಪರದೆ ಸರಿಸಿಯೇಬಿಟ್ಟ. ಗುರುಸಂಗಪ್ಪ "ಏ ಏ, ಅದನ್ನ ಸರಿಸಬ್ಯಾಡ್ರಿ" ಅನ್ನುವಷ್ಟರಲ್ಲಿ ಕೆಲಸ ಆಗಿಹೋಗಿತ್ತು.

ಕಂಪ್ಯೂಟರ್ ಮುಂದೆ ಇಪ್ಪತ್ತಾರು-ಇಪ್ಪತ್ತೇಳರ ಹೆಣ್ಣುಮಗಳು ಕೂತಿದ್ದಳು. ಹಣೆಯಲ್ಲಿ ಕುಂಕುಮವಿಲ್ಲ, ಕೈಯಲ್ಲಿ ಬಳೆಯಿಲ್ಲ. ಅವನನ್ನು ನೋಡಿದವಳೇ ಎದ್ದು ನಿಂತು, ಮೇಜಿನ ಮೇಲಿದ್ದ ನೋಟ್‌ಬುಕ್ ತಳ್ಳಿದಳು. ಅದರಲ್ಲಿ ದಿನಕ್ಕೊಂದು ಸಾಲು. ತಾರೀಖು, ಪಕ್ಕದಲ್ಲಿ ಒಂದು ಸಂಖ್ಯೆ. ತೊಂಬತ್ತೊಂದು, ತೊಂಬತ್ತೆರಡು, ತೊಂಬತ್ತೆರಡು, ತೊಂಬತ್ನಾಕು...

"ದಿನಾ ಬೆಳಿಗ್ಗಿ ಬರೀತೀನ್ರಿ. ಅಳಿಸೋ ಅಧಿಕಾರ ನನಗ ಕೊಟ್ಟಿಲ್ಲ. ನೀವ ಕೊಟ್ಟಿಲ್ಲ."

ಗವಿಸಿದ್ದೇಶನ ಮುಖ ಇಳಿಯಿತು. ಹೌದು, ಆ ಸಾಫ್ಟ್‌ವೇರ್ ಬರೆದವನು ಅವನೇ. ಹರಪನಹಳ್ಳಿಯ ತನ್ನ ಪುಟ್ಟ ಅಂಗಡಿಯಲ್ಲಿ ಕೂತು ಬರೆದುಕೊಟ್ಟಿದ್ದ. 'ಒಳಗಿನ ಆಪರೇಟರ್‌ಗೆ ಅಳಿಸುವ ಬಟನ್ ಬೇಡ' ಎಂದು ಗುರುಸಂಗಪ್ಪ ಹೇಳಿದ್ದಾಗ ಯಾಕೆ ಎಂದು ಕೇಳಿರಲಿಲ್ಲ. ಈಗ ಆ ಬರಿಯ ಹಣೆ ನೋಡಿ ಅವನಿಗೆ ತಿಳಿಯಿತು.

ಅದು 2007ರ ಜನವರಿ. ಗೀತಾಂಜಲಿ ಮತ್ತು ಗವಿಸಿದ್ದೇಶರ ಮೊದಲ ಭೇಟಿ ಹೀಗಾಯಿತು. ಇದರಲ್ಲಿ ಪ್ರೀತಿ ಎಲ್ಲಿ ಬಂತು ಎನ್ನುತ್ತೀರಾ? ತಾಳಿ, ಬರುತ್ತದೆ. ಕಷ್ಟಪಟ್ಟೇ ಬರುತ್ತದೆ.

*

ಗೀತಾಂಜಲಿಯ ಗಂಡ ಮೂರು ವರ್ಷದ ಹಿಂದೆ ಕಾನಹೊಸಹಳ್ಳಿ ಹತ್ತಿರ ಹೈವೇಯಲ್ಲಿ ಬೈಕಿಗೆ ಲಾರಿ ಬಡಿದು ತೀರಿಕೊಂಡಿದ್ದ. ಅವಳು ಕೊಟ್ಟೂರಿನ ತವರಿಗೆ, ತಾಯಿ ನಾಗಲಿಂಗಮ್ಮನ ಹತ್ತಿರ ಬಂದಳು. ಹಗರಿಬೊಮ್ಮನಹಳ್ಳಿಗೆ ದಿನಾ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರ್ ಕಲಿತಳು. ದೂರದ ನೆಂಟರಾದ ಗುರುಸಂಗಪ್ಪ ಕೆಲಸ ಕೊಟ್ಟರು, ಪರದೆಯನ್ನೂ ಕೊಟ್ಟರು.

ಯಾಕೆಂದರೆ ಹೆಣ್ಣು-ಗಂಡು ಹುಡುಕಿಕೊಂಡು ಬರುವ ಜನ ಮೊದಲು ವಿಧವೆಯ ಮುಖ ನೋಡಬಾರದಂತೆ. ಅವಳು ಟೈಪ್ ಮಾಡಿದ ವಿವರ ಬೇಕು, ಸ್ಕ್ಯಾನ್ ಮಾಡಿದ ಫೋಟೋ ಬೇಕು, ಮುಖ ಮಾತ್ರ ಬೇಡ! ಗುರುಸಂಗಪ್ಪ ಕೆಟ್ಟವರೇನಲ್ಲ. ಸಂಬಳ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದರು. ಆದರೆ ಒಳ್ಳೆಯವರು ಕಟ್ಟಿದ ಪರದೆಯೂ ಪರದೆಯೇ.

ಅಳಿಸುವ ವಿಷಯದಲ್ಲಂತೂ ಅವರದು ದೊಡ್ಡ ಹಟ. ಮದುವೆಯಾಗಿ ಹೋದವರ ಫೋಟೋಗಳನ್ನು ಅಳಿಸಬಾರದು, ಅದು ಅಪಶಕುನ. ಅದರಲ್ಲೂ ಕೂಡಿದ ಜೋಡಿಯ ಫೋಟೋ ಗೀತಾಂಜಲಿಯ ಕೈಯಿಂದ ಅಳಿಯುವುದೆಂದರೆ... ಅವರು ಮಾತು ಮುಗಿಸುತ್ತಿರಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡವಳಂತೆ ತಲೆಯಾಡಿಸುತ್ತಿದ್ದಳು.

ಕೇಂದ್ರದ ವೆಬ್‌ಸೈಟ್ ಎಲ್ಲೋ ದೂರದ ಸರ್ವರ್‌ನಲ್ಲಿ ಬಾಡಿಗೆಗೆ ಹಿಡಿದ ಎರಡು ಜಿಬಿ ಜಾಗದಲ್ಲಿತ್ತು. ನಾಲ್ಕು ಸಾವಿರ ಜನರ ಫೋಟೋ, ಜಾತಕ, ಪತ್ರ ಎಲ್ಲ ಅಲ್ಲೇ. ಒಂದನ್ನೂ ಅಳಿಸದೆ ತುಂಬುತ್ತ ಹೋದರೆ ಯಾವ ಜಾಗ ಸಾಕಾದೀತು? ಅದಕ್ಕೇ ಗವಿಸಿದ್ದೇಶ್ ಗುರುವಾರ ಗುರುವಾರ ಬಂದು ಅಲ್ಲಿನ ಕಸ ಗುಡಿಸಿ ಹೋಗುವುದು, ಗೀತಾಂಜಲಿ ದಿನವೂ ಎಷ್ಟು ತುಂಬಿದೆಯೆಂದು ನೋಡಿ ಬರೆಯುವುದು ಎಂದಾಯಿತು. ತೊಂಬತ್ತೈದು ದಾಟಿದರೆ ಕೇಂದ್ರದ ಇಮೇಲ್‌ಗೆ ತಾನಾಗಿಯೇ ಎಚ್ಚರಿಕೆ ಬರುವ ಹಾಗೂ ಅವನು ಏರ್ಪಾಟು ಮಾಡಿದ.

ಗುರುವಾರಗಳು ಬಂದವು, ಹೋದವು. ಅವನು ಪರದೆ ಸರಿಸಿ ಸ್ಟೂಲ್ ಹಾಕಿಕೊಂಡು ಅವಳ ಪಕ್ಕ ಕೂರುತ್ತಿದ್ದ. ಗುರುಸಂಗಪ್ಪ ಕೆಮ್ಮುತ್ತಿದ್ದರು. ಅವನು, ಕೆಮ್ಮಿಗೆ ತುಳಸಿ ಕಷಾಯ ಒಳ್ಳೇದು ಅಂತ ಹೇಳಿ ಕೆಲಸ ಮುಂದುವರಿಸುತ್ತಿದ್ದ. ಗೀತಾಂಜಲಿಗೆ ಮೂರು ವರ್ಷದ ಮೇಲೆ ಮೊದಲ ಸಲ ನಗು ಬಂದದ್ದು ಆ ಕಷಾಯದ ಮಾತಿಗೆ. ನಕ್ಕಿದ್ದಕ್ಕೆ ಆಮೇಲೆ ಮನೆಗೆ ಹೋಗಿ ಅತ್ತಳು, ಆ ಮಾತು ಬೇರೆ.

ಮಾರ್ಚ್‌ನಲ್ಲಿ ಅವನು ಮರುಮದುವೆಯವರಿಗೆಂದು ಹೊಸ ವಿಭಾಗ ಬರೆದ. ಸರಿಯಾಗಿ ನಡೆಯುತ್ತದೋ ನೋಡಲು ಒಂದು ಸುಳ್ಳು ವಿವರ ತುಂಬಿ ಎಂದು ಅವಳಿಗೆ ಹೇಳಿ ಚಹಾ ಕುಡಿಯಲು ಕೆಳಗಿಳಿದ.

ಅವನು ಬರುವಷ್ಟರಲ್ಲಿ ಅವಳು ತುಂಬಿ ಮುಗಿಸಿದ್ದಳು. ಹೆಸರು, ವಯಸ್ಸು, ಊರು... ಒಂದೂ ಸುಳ್ಳಿರಲಿಲ್ಲ! 'ನಿರೀಕ್ಷೆ' ಎಂಬ ಕಡೆ ಒಂದೇ ಸಾಲು ಬರೆದಿದ್ದಳು. 'ನನ್ನ ಎದುರು ಕೂತು ಉಣ್ಣಲು ಬೇಸರಪಡದವರು.'

ಯಾಕೆ ಬರೆದೆ ಎಂದು ಅವಳಿಗೇ ಗೊತ್ತಿಲ್ಲ. ಬೆರಳು ಬರೆದವು, ಅವಳು ನೋಡುತ್ತ ಕೂತಿದ್ದಳು.

ಗವಿಸಿದ್ದೇಶ್ ಅದನ್ನು ಓದಿದ. ಎರಡು ಸಲ ಓದಿದ. "ಪರೀಕ್ಷೆ ಮುಗೀತು. ಇದನ್ನ ಅಳಿಸಲಾ?" ಎಂದು ಕೇಳಿದ. ಅವಳು ಮಾತಾಡಲಿಲ್ಲ. ಅವನು ಅಳಿಸಲಿಲ್ಲ.

*

ಈಗ ಆ ಕೇಂದ್ರದ ಒಂದು ಪದ್ಧತಿ ಹೇಳಬೇಕು. ಇಡೀ ಅನಾಹುತ ಆದದ್ದು ಅದರಿಂದಲೇ.

ಗುರುಸಂಗಪ್ಪನವರ ಹತ್ತಿರ ಬರುವ ಮನೆತನಗಳು 'ಒಲ್ಲೆ' ಎಂದು ಯಾರಿಗೂ ಬರೆಯುತ್ತಿರಲಿಲ್ಲ. ಅಕ್ಷರದಲ್ಲಿ ಒಲ್ಲೆ ಎಂದರೆ ಹೆಣ್ಣು ಹೆತ್ತವರ ಮನಸ್ಸು ನೋಯುತ್ತದೆ, ನಾಳೆ ಸಂತೆಯಲ್ಲಿ ಎದುರಾದರೆ ಮುಖ ನೋಡಲಾಗುವುದಿಲ್ಲ. ಆದ್ದರಿಂದ ಒಪ್ಪಿಗೆಯಿದ್ದರೆ ಪತ್ರ, ಇಲ್ಲದಿದ್ದರೆ ಖಾಲಿ ಲಕೋಟೆ. ಖಾಲಿ ಬಂತೆಂದರೆ ಮುಗಿಯಿತು. ಯಾರೂ ಯಾಕೆಂದು ಕೇಳುವಂತಿಲ್ಲ, ಕೇಳಿದರೆ ಮರ್ಯಾದೆ ಹೋಗುತ್ತದೆ.

ಕಂಪ್ಯೂಟರ್ ಬಂದ ಮೇಲೂ ಅದೇ ನಡೆಯಿತು. ಕನ್ನಡ ಟೈಪ್ ಮಾಡುವುದು ಆಗ ದೊಡ್ಡ ತಲೆನೋವು. ಹಾಗಾಗಿ ಜನ ಕೈಯಲ್ಲಿ ಪತ್ರ ಬರೆದು ತಮ್ಮೂರಿನ ಬ್ರೌಸಿಂಗ್ ಸೆಂಟರ್‌ನಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸುತ್ತಿದ್ದರು. ಒಲ್ಲದವರು ಪತ್ರ ಸೇರಿಸದೆ ಬರೀ ಉತ್ತರದ ಬಟನ್ ಒತ್ತುತ್ತಿದ್ದರು. ಮರುದಿನ ಬೆಳಿಗ್ಗೆ ಗೀತಾಂಜಲಿ ಎಲ್ಲವನ್ನೂ ತೆರೆದು, ಪತ್ರವಿದ್ದರೆ ಮುದ್ರಿಸಿ, ಇಲ್ಲವಾದರೆ ಏನೂ ಇಲ್ಲದೆ, ಲಕೋಟೆ ಅಂಟಿಸುತ್ತಿದ್ದಳು. ಅದನ್ನು ಆ ಮನೆಯವರ ಕೈಗೆ ಕೊಡುತ್ತಿದ್ದವರು ಗುರುಸಂಗಪ್ಪನ ಹೆಂಡತಿ. ಮುತ್ತೈದೆಯ ಕೈಯಿಂದಲೇ ಹೋಗಬೇಕಲ್ಲ!

ಏಪ್ರಿಲ್‌ನಲ್ಲಿ ಅಮಾವಾಸ್ಯೆ ಮಂಗಳವಾರ ಬಿತ್ತು. ಅಮಾವಾಸ್ಯೆಯ ದಿನ ಸಂಬಂಧದ ಮಾತಿಲ್ಲ, ಕೇಂದ್ರಕ್ಕೆ ಬೀಗ. ನೋಟ್‌ಬುಕ್ಕಿನಲ್ಲಿ ಪ್ರತಿ ಅಮಾವಾಸ್ಯೆಯ ಎದುರು ಒಂದು ಅಡ್ಡಗೆರೆ ಮಾತ್ರ ಇರುತ್ತಿತ್ತು.

ಬುಧವಾರ ಬಂದು ನೋಡಿದಾಗ ಸಂಖ್ಯೆ ಎಂಬತ್ತೊಂಬತ್ತು. ಹೆಚ್ಚೇನಲ್ಲ. ಹಿಂದಿನ ದಿನದ ಉತ್ತರಗಳು ಹದಿನಾಲ್ಕು ಬಂದಿದ್ದವು. ಬೆಳಿಗ್ಗೆ ಬಂದ ಮೂರರಲ್ಲಿ ಪತ್ರವಿತ್ತು. ಆಮೇಲಿನ ಹತ್ತೂ ಖಾಲಿ, ಒಂದನ್ನು ಇನ್ನೂ ತೆರೆದಿರಲಿಲ್ಲ.

ಇಷ್ಟೊಂದು ಯಾಕೆ ಖಾಲಿ ಎಂದು ಅವಳು ಪರದೆಯಾಚೆ ಕೇಳಿದಳು. ಅಮಾವಾಸ್ಯೆ ದಿನ ಕಳಿಸಿದ್ದು ಒಲ್ಲೆ ಅಂತಲೇ ಇರುತ್ತದೆ, ಒಳ್ಳೆ ಮಾತು ಆ ದಿನ ಯಾರು ಕಳಿಸುತ್ತಾರೆ ಎಂದರು ಗುರುಸಂಗಪ್ಪ. ಆ ಮಾತು ಸರಿ ಎನಿಸಿತು. ಅವಳು ಒಂದೊಂದೇ ಲಕೋಟೆ ಅಂಟಿಸಿದಳು. ಹತ್ತು ಮುಗಿದವು.

ಹನ್ನೊಂದನೆಯದರ ಮೇಲಿದ್ದ ಹೆಸರು ನೋಡಿ ಅವಳ ಕೈ ನಿಂತಿತು.

ಯಾರಿಗೆ: ಗೀತಾಂಜಲಿ, ಕೊಟ್ಟೂರು. ಕಳಿಸಿದವರು: ಗವಿಸಿದ್ದೇಶ್, ಹರಪನಹಳ್ಳಿ.

 'ನನಗೆ... ಉತ್ತರ ಬಂದಿದೆ!' ಮುಖದ ಬೆವರನ್ನು ಸೆರಗಿನಿಂದ ಒರೆಸಿಕೊಂಡು, ಯಾರೂ ನೋಡುತ್ತಿಲ್ಲವೆಂದು ಎರಡು ಸಲ ಖಾತ್ರಿ ಮಾಡಿಕೊಂಡು ತೆರೆದಳು.

ಬಿಳಿ. ಒಂದು ಅಕ್ಷರವಿಲ್ಲ.

ಕಣ್ಣು ತುಂಬಿ ಬರಲಿಲ್ಲ. ಮೊದಲು ಬಂದದ್ದು ನಾಚಿಕೆ. 'ನಾನೇನು ಕೇಳಿದ್ದೆನಾ ಇವರನ್ನು? ಸುಳ್ಳು ವಿವರ ಬರಿ ಅಂದಾಗ ಹುಚ್ಚಿಯ ಹಾಗೆ ನಿಜ ಬರೆದೆ. ಅದಕ್ಕೆ ಪಾಪ, ಕೇಂದ್ರದ ಮರ್ಯಾದೆಯಂತೆಯೇ ಒಲ್ಲೆ ಅಂದಿದ್ದಾರೆ. ಬಾಯಿಬಿಟ್ಟು ಹೇಳದೆ, ನೋಯಿಸದೆ...' ಹೀಗೆ ತನ್ನನ್ನೇ ಬೈದುಕೊಳ್ಳುತ್ತ ಕೂತಳು. ಮಧ್ಯಾಹ್ನದ ಡಬ್ಬಿ ತೆರೆಯಲೇ ಇಲ್ಲ.

ಮರುದಿನ ಗುರುವಾರ. ಗವಿಸಿದ್ದೇಶ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಅವಳು ಪರದೆಯ ಅಂಚನ್ನು ಒಳಗಿನಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವನು ಆಚೆಯೇ ನಿಂತ.

"ಮೊನ್ನೆ ಬಂದ ಉತ್ತರ ನೋಡಿದ್ರಾ?" ಅವನ ದನಿ ಸಣ್ಣದಾಗಿತ್ತು.

"ನೋಡಿದೆ."

"ಏನೂ ಹೇಳೋದಿಲ್ವಾ?"

"ಹೇಳಾಕ ಏನೈತ್ರಿ ಅದರಾಗ."

 "ಅರ್ಥ ಆಯ್ತು" ಎಂದು ಅವನು ಹಿಂದೆ ಸರಿದ. ಚಪ್ಪಲಿ ಮೆಟ್ಟಿಲಿಳಿದ ಸದ್ದು ಕೇಳಿಸಿತು. ಅವಳು ಪರದೆ ಬಿಟ್ಟು ಕುರ್ಚಿಯಲ್ಲಿ ಕುಸಿದಳು.

ಮುಂದಿನ ಗುರುವಾರ ಬಂದವನು ಬೇರೆಯವನು, ಹೊಸಪೇಟೆಯ ಕಡೆಯವನು. ಗವಿಸಿದ್ದೇಶ್ ಸರ್‌ಗೆ ಈ ಕೆಲಸ ಬೇಡವಾಗಿದೆಯಂತೆ ಎಂದ. ಹೊಸಬನು ಪರದೆ ಸರಿಸಲಿಲ್ಲ. ಗುರುಸಂಗಪ್ಪನವರ ಕೆಮ್ಮು ನಿಂತುಹೋಯಿತು.

*

ಮೇ ತಿಂಗಳ ಬಿಸಿಲು ನೆತ್ತಿ ಸುಡುವ ಒಂದು ಮಧ್ಯಾಹ್ನ ಹಿರೇಹಡಗಲಿಯಿಂದ ಹಾಲೇಶಪ್ಪ ಎಂಬ ರೈತ ಬಂದರು. ಬಂದವರು ಕೂರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. ಟವೆಲ್ಲನ್ನು ಕೈಯಲ್ಲಿ ಹಿಂಡುತ್ತ ನಿಂತೇ ಮಾತಾಡಿದರು.

ಕಾನಹೊಸಹಳ್ಳಿಯ ಹುಡುಗನನ್ನು ಅವರ ಮಗಳಿಗೆ ನೋಡಿದ್ದರು. ಎರಡೂ ಕಡೆ ಮನಸ್ಸಾಗಿತ್ತು. ಒಪ್ಪಿಗೆ ಪತ್ರ ಬರೆದು ಏಪ್ರಿಲ್ ಅಮಾವಾಸ್ಯೆಯ ಹಿಂದಿನ ಸೋಮವಾರವೇ ಬ್ರೌಸಿಂಗ್ ಸೆಂಟರ್‌ಗೆ ಕೊಟ್ಟಿದ್ದರು. ಆಮೇಲೆ ಹುಡುಗನ ಕಡೆಯವರ ಸುದ್ದಿಯೇ ಇಲ್ಲ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಹುಡುಗನ ಮಾವ ಸಿಕ್ಕವರು ಮುಖ ತಿರುಗಿಸಿದರಂತೆ.

"ಖಾಲಿ ಲಕೋಟಿ ಕಳಿಸಿ ಈಗ ಮಾತಾಡ್ಸಾಕ ಬಂದಿಯೇನು ಅಂದ್ರು. ನನ್ನ ಕೈಯಾರೆ ಬರದೀನ್ರಿ ನಾನು. ನಾಕ ಸಾಲು ಬರಿಯಾಕ ಒಂದ ತಾಸು ಕುಂತಿದ್ದೆ. ಆ ಪತ್ರ ಎಲ್ಲಿ ಹೋತು, ಹೇಳ್ರಿ."

ಗುರುಸಂಗಪ್ಪ ಏನೇನೋ ಸಮಾಧಾನ ಹೇಳಿದರು. ಗೀತಾಂಜಲಿ ಪರದೆಯ ಹಿಂದೆ ಆ ದಿನದ ಉತ್ತರ ತೆಗೆದಳು. ಬಿಳಿ. ಪತ್ರ ಸೇರಿಸಿಯೇ ಇಲ್ಲದಿದ್ದರೆ ಅಲ್ಲಿ ಕಡತವೇ ಇರಬಾರದು. ಇದಕ್ಕೆ ಕಡತವಿದೆ, ಹೆಸರಿದೆ, ತಾರೀಖಿದೆ. ಗಾತ್ರ ಮಾತ್ರ ಸೊನ್ನೆ.

ಅವಳು ನೋಟ್‌ಬುಕ್ ತೆರೆದಳು. ಏಪ್ರಿಲ್ ಹದಿನೇಳರ ಎದುರು ಅಡ್ಡಗೆರೆ.

ಗವಿಸಿದ್ದೇಶನ ಪಕ್ಕ ಕೂತು ಕಲಿತದ್ದು ಸುಮ್ಮನೆ ಹೋಗಿರಲಿಲ್ಲ. ಸರ್ವರ್ ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದೆಂದು ಅವಳಿಗೆ ಗೊತ್ತು. ಆ ದಿನದ್ದನ್ನು ತೆಗೆದು ಸಾಲು ಸಾಲಾಗಿ ಓದಿದಳು. ಅಮಾವಾಸ್ಯೆಯ ಹಿಂದಿನ ಭಾನುವಾರ ಹರಪನಹಳ್ಳಿಯಲ್ಲಿ ವಧು-ವರರ ಸಮಾವೇಶ ನಡೆದಿತ್ತು. ಅಲ್ಲಿ ತೆಗೆದ ದೊಡ್ಡ ದೊಡ್ಡ ಫೋಟೋಗಳೆಲ್ಲ ಮಂಗಳವಾರ ಬೆಳಿಗ್ಗೆ ಒಟ್ಟಿಗೆ ಬಂದು ಬಿದ್ದಿದ್ದವು. ಹನ್ನೊಂದು ಗಂಟೆಗೆ ಜಾಗ ಪೂರ್ತಿ ತುಂಬಿತು. ಆಮೇಲೆ ಬಂದ ಉತ್ತರಗಳಲ್ಲಿ 'ಯಾರಿಂದ ಯಾರಿಗೆ' ಎಂಬುದು ಬೇರೆ ಕಡೆ ದಾಖಲಾಯಿತು, ಪತ್ರಕ್ಕೆ ಮಾತ್ರ ಜಾಗ ಸಿಗಲಿಲ್ಲ. ಹೆಸರು ಹೊತ್ತ ಖಾಲಿ ಕಡತವೊಂದು ಉಳಿಯಿತು. ನಡುರಾತ್ರಿ ಸರ್ವರ್‌ನ ತಾತ್ಕಾಲಿಕ ಕಡತಗಳು ತಾವಾಗಿಯೇ ಅಳಿದುಹೋಗಿ, ಬುಧವಾರ ಅವಳು ಬರುವಷ್ಟರಲ್ಲಿ ಎಲ್ಲ ಸರಿಯಿದ್ದ ಹಾಗೆ ಎಂಬತ್ತೊಂಬತ್ತು.

ಹಾಗಾದರೆ ಎಚ್ಚರಿಕೆಯ ಇಮೇಲ್? ಅದನ್ನೂ ಹುಡುಕಿದಳು. ಸರ್ವರ್ ಕಳಿಸಿತ್ತು. ಆದರೆ ಕೇಂದ್ರದ ಇಮೇಲ್ ಪೆಟ್ಟಿಗೆ ಇದ್ದದ್ದೂ ಅದೇ ಬಾಡಿಗೆ ಜಾಗದಲ್ಲಿ. ಜಾಗವಿಲ್ಲ ಎಂದು ಹೇಳುವ ಪತ್ರಕ್ಕೂ ಜಾಗವಿಲ್ಲದೆ ಅದು ವಾಪಸಾಗಿತ್ತು.

ಅಮಾವಾಸ್ಯೆಗೆ ಜನ ಕೆಲಸ ನಿಲ್ಲಿಸುತ್ತಾರೆ, ಸರಿ. ಸರ್ವರ್‌ಗೆ ಅಮಾವಾಸ್ಯೆ ಉಂಟೇ? ಸೋಮವಾರ ಒಳ್ಳೆಯ ದಿನವೆಂದು ಜನ ಕೊಟ್ಟುಹೋದ ಪತ್ರಗಳನ್ನು, ಕರೆಂಟ್ ಬಂದಾಗ, ಬ್ರೌಸಿಂಗ್ ಸೆಂಟರಿನವರು ಮಂಗಳವಾರ ಕಳಿಸಿದ್ದರು. ಅಷ್ಟೇ ಆದದ್ದು.

ಹನ್ನೊಂದು ಕಡತಗಳೂ ಸೊನ್ನೆ. ಹನ್ನೊಂದರಲ್ಲೂ ಪತ್ರವಿತ್ತು. ಅಂದರೆ... ಮಧ್ಯಾಹ್ನ ಹನ್ನೆರಡಕ್ಕೆ ಹರಪನಹಳ್ಳಿಯಿಂದ ಬಂದ ಆ ಒಂದರಲ್ಲೂ.

'ಅವರು ಬರೆದಿದ್ದರು. ನನಗೆ ಬರೆದಿದ್ದರು! ಏನೂ ಹೇಳೋದಿಲ್ವಾ ಅಂತ ಕೇಳಿದರು. ನಾನು...'

ಗೀತಾಂಜಲಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಸಂತೋಷಕ್ಕೆ ಅತ್ತಳೋ, ದುಃಖಕ್ಕೋ? ಸಂತೋಷವೆಂದು ಬರೆದರೆ ಸುಳ್ಳಾಗುತ್ತದೆ. ಆಚೆ ಹಾಲೇಶಪ್ಪ ಇನ್ನೂ ಟವೆಲ್ ಹಿಂಡುತ್ತ ನಿಂತಿದ್ದರು. ಅವರ ಮಗಳ ಸಂಬಂಧ ಮುರಿದ ಆ ಲಕೋಟೆ ಅಂಟಿಸಿದ ಕೈ ತನ್ನದೇ ಎಂಬುದು ಅವಳಿಗೆ ನೆನಪಿತ್ತು.

ಅವಳು ಪರದೆ ಸರಿಸಿ ಹೊರಗೆ ಬಂದಳು. ಬಂದ ಜನರ ಎದುರು ಅವಳು ಹೀಗೆ ನಿಂತದ್ದು ಅದೇ ಮೊದಲು. ಹಾಲೇಶಪ್ಪನವರಿಗೆ ನಡೆದದ್ದನ್ನೆಲ್ಲ ಹೇಳಿದಳು. ಅವರು ಬಿಳಿಚಿಕೊಂಡು ಕೇಳಿ, ಹುಡುಗನ ಮನೆಗೆ ಹೋಗುತ್ತೇನೆಂದು ಆ ಹೊತ್ತಿನ ಬಸ್ಸಿಗೇ ಓಡಿದರು.

ಉಳಿದವರಿಗೂ ಹೇಳಬೇಕು ಎಂದಳು ಗೀತಾಂಜಲಿ. ಗುರುಸಂಗಪ್ಪ ಬಾಗಿಲು ಹಾಕಿದರು.

"ಇವ್ರಿಗೆ ಹೇಳಿದ್ದು ಆತು. ಉಳಿದೋರು ಕೇಳ್ಯಾರೇನು? ಕೇಳಿಲ್ಲ. ಮುಚ್ಚಿದ್ದು ಮುಚ್ಚಿರ್ಲಿ. ಕೇಂದ್ರದ ಹೆಸರು ಕೆಟ್ರ ನಾಳೆ ಯಾರು ಬರ್ತಾರ ಇಲ್ಲಿಗೆ?"

"ಅವ್ರು ಕೇಳೋದಿಲ್ಲ ಮಾವಾರ. ಖಾಲಿ ಬಂದ್ರ ಯಾರೂ ಕೇಳೋದಿಲ್ಲ. ನುಂಗಿಕೊಂಡು ಕುಂದರ್ತಾರ. ನನಗ ಗೊತ್ತೈತಿ."

"ನಿನಗೆಂಗ ಗೊತ್ತು?"

ಅವಳು ಹನ್ನೊಂದು ಹೆಸರು, ಫೋನ್ ನಂಬರುಗಳನ್ನು ಒಂದು ಹಾಳೆಯ ಮೇಲೆ ಬರೆಯತೊಡಗಿದಳು. ಗುರುಸಂಗಪ್ಪ ದನಿ ತಗ್ಗಿಸಿ, ಅದೂ ನಿನ್ನ ಬಾಯಿಂದ ಮದುವೆ ಸುದ್ದಿ ಹೋಗಬಾರದವ್ವ ಎಂದರು. ಫೋನ್ ಮಾಡಿದರೆ ನಾಳೆಯಿಂದ ಬರುವುದು ಬೇಡ ಎಂದೂ ಹೇಳಿದರು. ಬೇಜಾರಿನಿಂದಲೇ ಹೇಳಿದರು. ಅವಳು ಹೆಸರುಗಳ ಪಟ್ಟಿಯನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು.

*

ಒಂದು ಮಾತು ಕೇಳುತ್ತೇನೆ. ನೀವಾಗಿದ್ದರೆ ಮೊದಲು ಯಾರಿಗೆ ಫೋನ್ ಮಾಡುತ್ತಿದ್ದಿರಿ?

ಅವಳ ಜೀವವೆಲ್ಲ ಹನ್ನೊಂದನೆಯ ಹೆಸರಿನ ಮೇಲೇ ಇತ್ತು. ಬೆರಳು ಎರಡು ಸಲ ಆ ನಂಬರಿನ ಮೇಲೆ ಹೋಯಿತು. ಆದರೆ ಹತ್ತು ಮನೆಗಳಿಗೆ ಖಾಲಿ ಲಕೋಟೆ ಅಂಟಿಸಿ ಕಳಿಸಿದವಳು, ಮೊದಲು ತನ್ನದನ್ನು ಸರಿಮಾಡಿಕೊಳ್ಳುವುದು ಅವಳಿಂದ ಆಗಲಿಲ್ಲ. ಹಾಲೇಶಪ್ಪನವರದು ತಿಳಿಸಿಯಾಗಿತ್ತು. ಬಸ್‌ಸ್ಟ್ಯಾಂಡ್ ಪಕ್ಕದ ಎಸ್‌ಟಿಡಿ ಬೂತ್‌ನಲ್ಲಿ ಕೂತು ಉಳಿದ ಒಂಬತ್ತಕ್ಕೆ ಒಂದೊಂದಾಗಿ ಹಚ್ಚಿದಳು.

ಹೂವಿನ ಹಡಗಲಿಯ ಮನೆಯಲ್ಲಿ ಹುಡುಗನಿಗೆ ಬೇರೆ ಹೆಣ್ಣು ಗೊತ್ತಾಗಿ ಮದುವೆಯೂ ಮುಗಿದಿತ್ತು. ಫೋನ್ ಹಿಡಿದ ಅಣ್ಣ ಏನೂ ಮಾತಾಡದೆ ಇಟ್ಟುಬಿಟ್ಟ. ಕೂಡ್ಲಿಗಿಯವರು ಬಾಯಿಗೆ ಬಂದಂತೆ ಬೈದರು. ಅವಳು ಕೇಳಿಸಿಕೊಂಡಳು. ಮರಿಯಮ್ಮನಹಳ್ಳಿಯವರು ಮಾತ್ರ, ಇನ್ನೂ ಹೊತ್ತು ಮೀರಿಲ್ಲ, ಈಗಲೇ ಹೋಗಿ ಮಾತಾಡುತ್ತೇವೆ ಎಂದು ಅತ್ತೇಬಿಟ್ಟರು.

ಕೊನೆಯದು ಉಚ್ಚಂಗಿದುರ್ಗದ ಬೊಮ್ಮಮ್ಮ ಎಂಬುವರ ಮನೆ. ಅವರ ಮಗಳಿಗೂ ಖಾಲಿ ಲಕೋಟೆ ಹೋಗಿತ್ತು. ಹುಡುಗಿ ನಾಲ್ಕು ದಿನ ಊಟ ಬಿಟ್ಟಿದ್ದಳಂತೆ. ಆಮೇಲೆ ಸಿಕ್ಕ ಸಂಬಂಧ ಸಿಕ್ಕಿತೆಂದು ಎರಡನೆಯ ಸಂಬಂಧದವನಿಗೆ ಕೊಟ್ಟು, ಹದಿನೈದೇ ದಿನದಲ್ಲಿ ಧಾರೆ ಎರೆದಿದ್ದರು. ಎಲ್ಲ ಕೇಳಿಸಿಕೊಂಡ ಮೇಲೆ ಬೊಮ್ಮಮ್ಮ ತಾವೇ ಪ್ರಶ್ನೆ ಹಾಕಿದರು.

"ನೀ ಯಾರವ್ವ? ಮುತ್ತೈದಿ ಅದಿಯೇನು?"

ಗೀತಾಂಜಲಿ ಮುಚ್ಚಿಡಲಿಲ್ಲ. "ಇಲ್ರಿ ಅಮ್ಮಾರ. ಗಂಡ ತೀರಿಕೊಂಡು ಮೂರು ವರ್ಷಾತು. ನಿಮ್ಮ ಲಕೋಟಿ ಅಂಟಿಸಿದಾಕಿ ನಾನ. ತಪ್ಪಾತು."

ಬೈಗುಳಕ್ಕೆ ಅವಳು ತಯಾರಾಗಿದ್ದಳು.

"ಆ ಖಾಲಿ ಲಕೋಟಿ ನಮಗ ಮುತ್ತೈದಿ ಕೈಲೆನ ಬಂದಿತ್ತು ತಗೋ. ಖರೇ ಸುದ್ದಿ ನಿನ್ನ ಕೈಲೆ ಬಂತು," ಎಂದರು ಬೊಮ್ಮಮ್ಮ. "ತಡಾ ಆತವ್ವ. ಬಾಳ ತಡಾ ಆತು."

ಹತ್ತರಲ್ಲಿ ನಾಲ್ಕು ಮನೆ ಉಳಿಯುವ ಹಾಗಿದ್ದವು. ಆರು ಉಳಿಯುವ ಹಾಗಿರಲಿಲ್ಲ. ಅವಳು ಬೂತಿನಿಂದ ಹೊರಗೆ ಬಂದಾಗ ಹರಪನಹಳ್ಳಿ ಬಸ್ ಹೊರಡುತ್ತಿತ್ತು. ಹತ್ತಿ ಕೂತಳು. ಫೋನಿನಲ್ಲಿ ಹೇಳುವ ಮಾತಲ್ಲ ಅದು.

*

ಗವಿಸಿದ್ದೇಶ್ ಅಂಗಡಿಯಲ್ಲಿ ಒಬ್ಬನೇ ಇದ್ದ. ಗಡ್ಡ ಬೆಳೆದಿತ್ತು. ಬಿಸಿಲಲ್ಲಿ ಬಂದು ಬಾಗಿಲಲ್ಲಿ ನಿಂತ ಅವಳನ್ನು ನೋಡಿ ಎದ್ದ, ಕೂತ, ಮತ್ತೆ ಎದ್ದ.

"ಅಮಾಸಿ ದಿನ ಬಂದ ಹನ್ನೊಂದು ಪತ್ರ ಖಾಲಿ ಆಗಿ ಹೋಗ್ಯಾವ್ರಿ. ಡಿಸ್ಕ್ ತುಂಬಿತ್ತು. ಹತ್ತು ಮನಿಗೆ ಹೇಳಿ ಬಂದೆ," ಎಂದಳು. "ಹನ್ನೊಂದನೇದು ನನಗ ಬಂದಿದ್ದು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಎಚ್ಚರಿಕೆಯ ಇಮೇಲ್ ವಾಪಸಾದದ್ದನ್ನು ಹೇಳುವಾಗ ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ.

"ಆ ಪೆಟ್ಟಿಗೆ ಅಲ್ಲೇ ಇಟ್ಟೋನು ನಾನು. ಖಾಲಿ ಬಂದ್ರೆ ಒಲ್ಲೆ ಅಂತ ಸಾಫ್ಟ್‌ವೇರ್‌ನಾಗೆ ಬರೆದೋನೂ ನಾನೇ. ಅಮಾಸಿಗೆ ಕೇಂದ್ರ ಮುಚ್ಚಿರ್ತೈತೆ, ಬುಧವಾರ ಮೊದ್ಲು ನೀವೇ ತೆಗೀತೀರಿ, ಬೇರೆ ಯಾರೂ ನೋಡಲ್ಲ ಅಂತ ಲೆಕ್ಕ ಹಾಕಿ ಆ ದಿನ ಕಳಿಸಿದ್ದೆ."

"ಅದರಾಗ ಏನಿತ್ತು?"

ಅವನು ಕಂಪ್ಯೂಟರಿನಲ್ಲಿ ಹುಡುಕಲು ಹೋದ. ಅವಳು ಬೇಡವೆಂದು ತಲೆಯಾಡಿಸಿದಳು. ನೀವೇ ಹೇಳಿ ಎಂದಳು.

ಗವಿಸಿದ್ದೇಶ್ ಅವಳ ಮುಖ ನೋಡಲಾರದೆ ಮೇಜು ನೋಡುತ್ತ ಹೇಳಿದ. ವಿವರ ಓದಿದ ದಿನದಿಂದ ತನಗೆ ಒಬ್ಬನೇ ಉಣ್ಣಲು ಆಗುತ್ತಿಲ್ಲವೆಂದು ಬರೆದಿದ್ದನಂತೆ. ಮನಸ್ಸಿದ್ದರೆ ಗುರುವಾರ ಒಂದು ಮಾತು ಹೇಳಿ, ಇಲ್ಲದಿದ್ದರೆ ಏನೂ ಹೇಳಬೇಡಿ, ನಾನಾಗಿಯೇ ದೂರ ಹೋಗುತ್ತೇನೆ ಎಂದೂ ಬರೆದಿದ್ದನಂತೆ.

"ನಾನು ಏನೂ ಹೇಳಲಿಲ್ಲ," ಎಂದಳು ಗೀತಾಂಜಲಿ. ಅವಳ ಕಣ್ಣಿಂದ ನೀರು ಸುಮ್ಮನೆ ಇಳಿಯುತ್ತಿತ್ತು. "ನೀವು ಒಲ್ಲೆ ಅಂದೀರಿ ಅಂತ ತಿಳಕೊಂಡು ಒಂದು ತಿಂಗಳು ಬದುಕೀನ್ರಿ. ಹೆಂಗ ಬದುಕೀನಿ ಕೇಳಬ್ಯಾಡ್ರಿ."

ಅವನ ಕೈ ಅವಳ ಕೈಯತ್ತ ಬಂತು. ಅರ್ಧದಲ್ಲೇ ನಿಂತಿತು.

"ಆರು ಮನೆ ಹಾಳಾದ್ವು ಗೀತಾ. ನಮ್ಮಿಬ್ಬರ ಕೈಯಿಂದ. ಈಗ ನಮಗೆ ಮಾತ್ರ ಒಳ್ಳೇದಾಗ್ಲಿ ಅಂತ ಹೆಂಗೆ ಕೇಳ್ಲಿ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ತನ್ನನ್ನು ಕೇಳಿಕೊಂಡದ್ದು ಇದನ್ನೇ. ಉತ್ತರ ಸಿಕ್ಕಿತ್ತೆಂದಲ್ಲ. ಆದರೆ ಏನು ಮಾಡಬೇಕೆಂಬುದು ಗೊತ್ತಾಗಿತ್ತು.

ಫೋನಿನಲ್ಲಿ ಹೇಳಿದರೆ ಅದು ತಪ್ಪೊಪ್ಪಿಗೆಯಲ್ಲ, ಆ ಆರೂ ಮನೆಗೆ ಕಾಲಿಂದ ನಡೆದು ಹೋಗಿ ಹೇಳಬೇಕು, ನಾಳೆ ಮೊದಲು ಉಚ್ಚಂಗಿದುರ್ಗ ಎಂದಳು ಅವಳು. ಬೈದರೆ ಬೈಸಿಕೊಳ್ಳುವುದು. ಹೊಡೆಯಲು ಬಂದರೂ ನಿಲ್ಲುವುದು. ಕೆಲಸ ಹೇಗೂ ಹೋಗಿದೆ, ಹೊತ್ತಿಗೇನು ಬರವಿಲ್ಲ ಎಂದೂ ಸೇರಿಸಿದಳು.

"ನಾನೂ ಬರ್ತೀನಿ," ಎಂದ ಅವನು ತಕ್ಷಣ. "ನಾನೇ ಮುಂದೆ ನಿಂತು ಹೇಳ್ತೀನಿ." ಆಮೇಲೆ ತಡೆದು, ಹಿಂಜರಿಯುತ್ತ ಕೇಳಿದ. "ನಿಮ್ಮನ್ನ ಜೊತೆಗೆ ನೋಡಿ, ಈಕೆ ಯಾರು ಅಂತ ಅವ್ರು ಕೇಳೇ ಕೇಳ್ತಾರೆ. ಮದುವೆ ಮುರಿದ ಮನೆ ಬಾಗಿಲಾಗೆ ನಿಂತು... ನಾನು ಏನಂತ ಹೇಳ್ಲಿ?"

ಗೀತಾಂಜಲಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮೊದಲ ಸಲ ಅವನ ಕಣ್ಣನ್ನು ನೇರ ನೋಡಿದಳು.

"ನಾ ಮದಿವಿ ಆಗೋ ಹುಡುಗಿ ಅಂತ ಹೇಳ್ರಿ."